ಯಾರ ಕೈಗೆ ಯಾವುದು

ಹಾಸನಾಂಬೆಯ ಬಾಗಿಲು ವರ್ಷಕ್ಕೊಮ್ಮೆ ತೆರೆದರೆ
ಒಳಗೆ ದೀಪ ಉರಿಯುತ್ತಲೇ ಇರುತ್ತದಂತೆ.
ನಾನು ಟ್ರಂಕು ತೆರೆದದ್ದು ಇಪ್ಪತ್ತಾರು ವರ್ಷಕ್ಕೆ:
ಎರಡು ಜಿರಲೆ, ನುಸಿಗುಳಿಗೆಯ ವಾಸನೆ,
ಗಂಟು ಬಿದ್ದ ವೈರು.
ದೀಪ ನಾನೇ ಹಚ್ಚಬೇಕು.

ಭಾನುವಾರ ಮೂವರು ಮಕ್ಕಳು ಬರುತ್ತಾರೆ
ಪೆನ್ಷನ್ ಮೊಹಲ್ಲಾದ ನನ್ನ ಜೆರಾಕ್ಸ್ ಅಂಗಡಿಗೆ.
ಪ್ರಾಜೆಕ್ಟಿನ ಹಾಳೆ ಬೆಚ್ಚಗೆ ಹೊರಬೀಳುವಷ್ಟರಲ್ಲಿ
ಫೋನಿನೊಳಗೆ ನಾಲ್ಕು ಜನರನ್ನು ಕೊಂದು ಮುಗಿಸುವವರು.
"ಆಂಟಿ, ನಿಮ್ ಕಾಲದಲ್ಲಿ ಗೇಮ್ ಇತ್ತಾ?" ಅಂದಿದ್ದಳು ಇಂಚರ,
ಬೆಂಕಿ ಇತ್ತಾ ಅಂತ ಕೇಳುವ ಹಾಗೆ.

ಇತ್ತು ಮಗಳೇ. ಆಲೂಗಡ್ಡೆ ಮಂಡಿಯ ಹಿಂದೆ
ಅಣ್ಣ ಜಬೀವುಲ್ಲಾನ ಪಾರ್ಲರು, ಗಂಟೆಗೆ ಐದು ರೂಪಾಯಿ,
ಬಿತ್ತನೆ ಮೂಟೆಯೇ ಸೋಫಾ.
ಗಲ್ಲಾದಲ್ಲಿ ನಾನು, ಅಲಾರಂ ಗಡಿಯಾರ ಮಡಿಲಲ್ಲಿಟ್ಟು
ಬೇರೆಯವರ ಹೊತ್ತು ಮುಗಿಸುವ ಕೆಲಸ.

ಯಾವುದನ್ನು ಮೊದಲು ಕೊಡಲಿ ಇವರಿಗೆ?
ಈ ಬಿಳಿಯದು ತೈವಾನಿನದೋ ಚೀನಾದ್ದೋ,
ಹೆಸರಿನಲ್ಲೇ ಎರಡಕ್ಷರ ತಪ್ಪು.
ಕ್ಯಾಸೆಟ್ಟಿನ ಮೇಲೆ ಒಂಬತ್ತು ಲಕ್ಷ ಚಿಲ್ಲರೆ ಆಟ;
ಎಣಿಸಿದರೆ ಏಳು.
ಅವೇ ಏಳು ಅಂಗಿ ಬದಲಿಸಿಕೊಂಡು ಮತ್ತೆ ಬರುತ್ತವೆ.

ಕರಿಯದು ಚೆಲುವ. ಅದರಲ್ಲಿ ಬೆಟ್ಟ ನಿಧಾನ, ಮರ ಜೋರು,
ಬೇಲೂರು ಬಸ್ಸಿನ ಕಿಟಕಿಯ ಥರ.
ಆದರೆ ಅಡಾಪ್ಟರಿನ ಮೇಲೆ ದೋಸೆ ಹುಯ್ಯಬಹುದು.
ಬೂದು ಬಣ್ಣದ್ದಕ್ಕೆ ಶೀರ್ಷಾಸನ ಹಾಕಿಸಿದರೆ ಮಾತ್ರ
ಸೀಡಿ ಓದುತ್ತದೆ, ಅದೂ ಮನಸ್ಸಿದ್ದರೆ.
ಮಕ್ಕಳಿಗೆ ಕಾದು ಗೊತ್ತಿಲ್ಲ.

"ಇಷ್ಟೆಲ್ಲ ಯಾಕೆ ಫುಪ್ಪು" ಅಂದ ಅಣ್ಣನ ಮಗ,
"ಬೆರಳುದ್ದದ ಕಡ್ಡಿ ಬರುತ್ತೆ, ಟೀವಿಗೆ ಚುಚ್ಚಿ,
ಇಪ್ಪತ್ತು ಸಾವಿರ ಆಟ!"
ಮದುವೆಮನೆಯ ಬಿರಿಯಾನಿ ಹಂಡೆಯನ್ನೇ
ಒಂದು ಮಗುವಿನ ಮುಂದೆ ತಂದಿಟ್ಟ ಹಾಗೆ.

ಬಾತುಕೋಳಿ ಹೊಡೆಯುವ ಬಂದೂಕೂ ಸಿಕ್ಕಿತು.
ದಪ್ಪ ಬೆನ್ನಿನ ಟೀವಿಗಷ್ಟೇ ಅದರ ಭಾಷೆ ಗೊತ್ತು.
ಗೋಡೆಗಂಟಿದ ಈ ತೆಳ್ಳನೆಯದರಲ್ಲಿ
ಬಾತುಗಳೆಲ್ಲ ಅಮರ.

ಕೊನೆಗೆ ನೋಡಿದ್ದು ಒಂದೇ:
ಯಾವುದಕ್ಕೆ ಎರಡು ಜಾಯ್‌ಸ್ಟಿಕ್ ಉಳಿದಿದೆ?
ಬಿಳಿಯದಕ್ಕೆ.
ಒಂದು ಚೆನ್ನಾಗಿದೆ. ಇನ್ನೊಂದರ ಜಿಗಿಯುವ ಗುಂಡಿ
ಒತ್ತಿದರೆ ಒತ್ತಿದ ಹಾಗೇ ಇರುತ್ತದೆ,
ಉಗುರು ತೂರಿಸಿ ಎಬ್ಬಿಸಬೇಕು.

ಆ ಉಗುರು ನನ್ನದು.
ಶಟರು ಅರ್ಧ ಎಳೆದ ಮೇಲೆ ಹತ್ತು ನಿಮಿಷ
ಅಣ್ಣನಿಗೆ ಒಳ್ಳೆಯದು, ನನಗೆ ಇದು.
ಅಣ್ಣನ ಗೆಳೆಯರು ಬಂದರೆ ಅವರಿಗೆ ಒಳ್ಳೆಯದು,
ಅಣ್ಣನಿಗೆ ಇದು, ನನಗೆ ಗಡಿಯಾರ.
ಯಾಕೆ ಅಂತ ಒಮ್ಮೆಯೂ ಕೇಳಲಿಲ್ಲ.
ಒಮ್ಮೆ ಗೆದ್ದಿದ್ದೆ. ಅದನ್ನು ಯಾರೂ ನೋಡಲಿಲ್ಲ.

ಭಾನುವಾರ. ಕ್ಯಾಸೆಟ್ಟಿನ ಹಲ್ಲುಗಳನ್ನು
ಪೆನ್ಸಿಲ್ ರಬ್ಬರಿನಿಂದ ಉಜ್ಜಿ ಇಟ್ಟಿದ್ದೆ.
ಫೈಜಾನ್ ಅದನ್ನೆತ್ತಿ ಬಾಯಿಗೆ ಹಿಡಿದ, ಕೊಳಲಿನಂತೆ.
ಊದಬೇಡವೋ, ಎಂಜಲಿಗೆ ಕಿಲುಬು ಹಿಡಿಯುತ್ತೆ.
ಎಲ್ಲಿ ಕಲಿತನೋ, ನಾವು ಮಾಡಿದ ತಪ್ಪನ್ನು!

ಜೋಯಲ್ ಮೊದಲ ಹಳ್ಳಕ್ಕೇ ಬಿದ್ದ.
"ಸೇವ್ ಎಲ್ಲಿ ಆಂಟಿ?"
ಇಲ್ಲ.
"ಮತ್ತೆ?"
ಮತ್ತೆ ಮೊದಲಿಂದ.
ಮೂವರೂ ನನ್ನನ್ನೇ ನೋಡಿದರು,
ಎರಡು ಪುಟಕ್ಕೆ ಹತ್ತು ಪುಟದ ದುಡ್ಡು ಕೇಳಿದಂತೆ.
ಆಮೇಲೆ ಒಬ್ಬರ ಮೇಲೊಬ್ಬರು ಬಿದ್ದು
"ಈಗ ಹಾರು, ಈಗ!" ಅಂತ ಕಿರುಚತೊಡಗಿದರು.
ಫೋನುಗಳು ಲ್ಯಾಮಿನೇಷನ್ ಮಷೀನಿನ ಮೇಲೆ
ಮೂರು ಸಲ ಗುರುಗುಟ್ಟಿ ಸುಮ್ಮನಾದವು.

ನನ್ನ ಸರದಿ ಬಂದಾಗ ಕೈ ತಾನಾಗಿ
ಕೆಟ್ಟದ್ದರ ಕಡೆ ಹೋಯಿತು.
ಇಂಚರ ಅದನ್ನು ಕಸಿದುಕೊಂಡಳು:
"ಇದು ನಂಗಿರ್ಲಿ. ನೀವು ಅದನ್ನ ಹಿಡ್ಕೊಳ್ಳಿ."

ಹಿಡಿದೆ. ಹಳ್ಳ ಹತ್ತಿರ ಬಂತು. ಒತ್ತಿದೆ.
ಗುಂಡಿ ತಾನೇ ಎದ್ದಿತು.
ಅಷ್ಟರಲ್ಲಿ ನನ್ನ ಉಗುರು ಅದರಡಿ ಹೋಗಿತ್ತು,
ಎಬ್ಬಿಸಲು,
ಮತ್ತು ನಾನು ಬಿದ್ದೆ.