ಬಾಗಿಲಿಗೆ ಕೊಟ್ಟ ಆನೆ

ವಾಟರ್ ಪಾರ್ಕಿನಿಂದ ಹೊರಗೆ ಹೋಗುವ ದಾರಿ
ನಮ್ಮ ಅಂಗಡಿಯ ಹೊಟ್ಟೆಯೊಳಗಿಂದಲೇ.
ಹಾಗೇ ಕಟ್ಟಿದ್ದಾರೆ. ಒದ್ದೆ ತಲೆಯ ಮಕ್ಕಳು
ಏನಾದರೂ ಹಿಡಿದುಕೊಳ್ಳದೆ
ಬೇಲೂರು ರಸ್ತೆಗೆ ಇಳಿಯುವಂತಿಲ್ಲ.

ಹದಿನೇಳು ವರ್ಷದಿಂದ ನಾನಿಲ್ಲಿ ದ್ಯಾವಮ್ಮ.
ಎದೆಯ ಮೇಲಿನ ಬಿಲ್ಲೆಯಲ್ಲಿ
ಹೋದ ಯುಗಾದಿಯಿಂದ ದಿಯಾ.

ಮೊದಲೆಲ್ಲ ಒಂದೊಂದು ಅರೆಗೂ ಒಂದೊಂದು ಊರಿನ ವಾಸನೆ.
ಆಲ್ದೂರಿನ ಇಸುಬು ಕಾಫಿ ಬೊಡ್ಡೆ ಕಡೆದು ತರುತ್ತಿದ್ದ ಬುಗುರಿ,
ಎರಡು ಒಂದೇ ಥರ ತಿರುಗಿದರೆ
ಏನೋ ತಪ್ಪಾಗಿದೆ ಅಂತ ಒಂದನ್ನು ವಾಪಸು ಒಯ್ಯುತ್ತಿದ್ದ.
ಲೂರ್ದಮ್ಮನ ಚಿಂದಿ ಬೊಂಬೆಗಳ ಕಣ್ಣಿಗೆ
ಬೇರೆ ಬೇರೆ ಅಂಗಿಯ ಗುಂಡಿ,
ಅದಕ್ಕೇ ಎಲ್ಲವೂ ಗಿರಾಕಿಯನ್ನು
ತುಸು ಅನುಮಾನದಿಂದ ನೋಡುತ್ತಿದ್ದವು.
ಜಾವಗಲ್ಲಿನ ಸಿಂಗಾಚಾರ್ರು ಬಳಪದ ಕಲ್ಲಿನ ಆನೆಗಳನ್ನು
ಹುಲ್ಲಿನಲ್ಲಿ ಸುತ್ತಿ ತಂದು, ಮೊಟ್ಟೆ ಇಳಿಸಿದ ಹಾಗೆ ಇಳಿಸಿ,
"ಸೊಂಡಿಲು ಹಿಡಿದು ಎತ್ತಬೇಡ ತಾಯಿ,
ಆನೆಗೂ ಮಾನ ಇದೆ" ಅನ್ನುತ್ತಿದ್ದರು.

ಈಗ ರಟ್ಟಿನ ಡಬ್ಬ. ಎಲ್ಲ ಒಂದೇ ಕಡೆಯಿಂದ.
ಒಳಗೆ ಮ್ಯಾಗ್ನೆಟ್, ಅದರಡಿ ಮ್ಯಾಗ್ನೆಟ್.
ಒಂದು ಕಪ್ಪು, ಎರಡು ಎಲೆ, ಒಂದು ಗುಡ್ಡ, ಹಿಂದೆ ಸೂರ್ಯ.
'ಹಾಸನ' ಅನ್ನುವ ಪಟ್ಟಿಯನ್ನು ಉಗುರಿನಿಂದ ಎಬ್ಬಿಸಿದೆ,
ಅಡಿಯಲ್ಲಿ 'ಮುನ್ನಾರ್'.
ಅದರಡಿ ಇನ್ಯಾವ ಊರೋ, ಉಗುರು ಸಾಲಲಿಲ್ಲ.
ಶಿಲಾಬಾಲಿಕೆಯೂ ಇದ್ದಾಳೆ, ಪ್ಲಾಸ್ಟಿಕ್ಕಿನವಳು.
ಕನ್ನಡಿ ಅಚ್ಚಿನಲ್ಲಿ ಮೂಡಿಲ್ಲ,
ಬರೀ ಅಂಗೈ ನೋಡಿಕೊಂಡು ನಗುತ್ತಾಳೆ.
ಬೆಲೆಯೊಂದನ್ನು ಮಾತ್ರ ಪ್ರತಿ ಸೀಸನ್ನಿಗೂ
ಹೊಸದಾಗಿ ಕೆತ್ತುತ್ತಾರೆ.

ಜನ ಜಗಳ ಮಾಡುವುದಿಲ್ಲ.
ಎತ್ತುತ್ತಾರೆ, ತಿರುಗಿಸುತ್ತಾರೆ, ಇಡುತ್ತಾರೆ,
ಒಂದು ಸುತ್ತು ಹಾಕಿ ಬಂದು ಅದನ್ನೇ ಎತ್ತುತ್ತಾರೆ.
ಸುಳ್ಳೇಕೆ, ನನಗೂ ಒರೆಸುವುದು ಸಲೀಸು.
ಕಲ್ಲಾನೆಯ ಕಿವಿಸಂದಿಗೆ ಹಲ್ಲುಜ್ಜುವ ಬ್ರಷ್ಷೇ ಬೇಕಿತ್ತು.

ಮೊನ್ನೆ ಭಾನುವಾರ ಅರಸೀಕೆರೆ ಕಡೆಯವರು ಬಂದರು.
ಅವರ ಹುಡುಗಿ, ಹಲ್ಲು ಬಿದ್ದವಳು,
ಕಪಾಟಿನ ಕಡೆ ತಿರುಗದೆ
ಬಾಗಿಲ ಬಳಿ ಕುಕ್ಕರಗಾಲಲ್ಲಿ ಕೂತು ಕೇಳಿದಳು:
"ಇದೆಷ್ಟು?"

ಇದು ಅಂದರೆ, ಗಾಳಿಗೆ ಬಾಗಿಲು ಬಡಿಯದಿರಲಿ ಅಂತ
ನಾನು ಅಡ್ಡ ಕೊಟ್ಟಿದ್ದ ಕಲ್ಲು.
ಸಿಂಗಾಚಾರ್ರು ಕಡೆಯ ಸಲ ತಂದದ್ದು.
ಹಿಂಗಾಲು ಇನ್ನೂ ಕಲ್ಲೊಳಗೇ.
ಒಂದು ಕಿವಿ ಮೂಡಿದೆ, ಇನ್ನೊಂದಕ್ಕೆ ಬರೀ ಗೆರೆ.
"ಇರಲಿ, ಬಂದಾಗ ಮುಗಿಸ್ತೀನಿ" ಅಂದಿದ್ದರು.
ಬರುವಂಥ ಆರ್ಡರೇ ಆಮೇಲೆ ಹೋಗಲಿಲ್ಲ.

"ಅದು ಮಾರೋದಲ್ಲ ಪುಟ್ಟಿ."
"ಯಾಕೆ?"
ಯಾಕೆ.
ಬಾರ್ಕೋಡ್ ಇಲ್ಲ. ಪಟ್ಟಿಯಲ್ಲಿ ಹೆಸರಿಲ್ಲ.
ಆದರೂ ತಂದು ಯಂತ್ರಕ್ಕೆ ಹಿಡಿದೆ.
ಕೆಂಪು ಗೆರೆ ಅದರ ಬೆನ್ನ ಮೇಲೆಲ್ಲ ಹರಿದಾಡಿ
ಏನೂ ಕಾಣದೆ ಸುಮ್ಮನಾಯಿತು.

ಪ್ರಣೀತ್ ಸರ್ ಊಟಕ್ಕೆ ಹೋಗಿದ್ದರು.
ಒಂದೇ ಮ್ಯಾಗ್ನೆಟ್ಟನ್ನು ಎರಡು ಸಲ ತೋರಿಸಿದೆ.
ಬಿಲ್ಲು ಬಂತು. ಅವರಪ್ಪ ಓದಲಿಲ್ಲ.
ಹುಡುಗಿ ಸೊಂಡಿಲಿಗೇ ಕೈ ಹಾಕಿದಳು.
ಹಾಗಲ್ಲ ಅಂತ ಹೊಟ್ಟೆಯಡಿ ಕೈ ಕೊಡುವುದನ್ನು ತೋರಿಸಿದೆ.
ಮಾನದ ಮಾತು ಬಾಯಿಗೆ ಬಂತು, ಆಡಲಿಲ್ಲ,
ಹಿಂದೆ ಸಾಲು ಬೆಳೆದಿತ್ತು.

ಸಂಜೆವರೆಗೂ ಬಾಗಿಲು ಬಡಿದುಕೊಂಡಿತು.
"ದಿಯಾ, ಅದಕ್ಕೇನಾದ್ರೂ ಕೊಡಿ" ಅಂದರು ಸರ್.
ಒಡೆಯದ ಡಬ್ಬವೊಂದನ್ನು ಎಳೆದು ಕೊಟ್ಟೆ.

ಲೆಕ್ಕ ತಾಳೆಯಾಗಬೇಕಲ್ಲ,
ಎರಡು ಮ್ಯಾಗ್ನೆಟ್ ನನ್ನ ಬುತ್ತಿ ಚೀಲಕ್ಕೆ ಹಾಕಿಕೊಂಡೆ.
ನಮ್ಮನೆಯಲ್ಲಿ ಫ್ರಿಜ್ಜಿಲ್ಲ.
ರಾಗಿಹಿಟ್ಟಿನ ತಗಡಿನ ಡಬ್ಬಕ್ಕೆ ಅಂಟಿಸಿ ನೋಡಿದೆ.
ಒಂದು ಹಿಡಿಯಿತು.
ಇನ್ನೊಂದು ಜಾರಿ ನೆಲಕ್ಕೆ ಬಿತ್ತು,
ಗುಡ್ಡ ಒಂದು ಕಡೆ,
ಸೂರ್ಯ ಒಲೆಯ ಹಿಂದೆ ಎಲ್ಲೋ.