ಪುಟ ಇನ್ನೂರ ಹದಿನಾಲ್ಕು

ಗುಜರಿ ಸತ್ತಾರ್ ಸಾಬರ ತಕ್ಕಡಿಯಲ್ಲಿ
ಒಂದೂಕಾಲು ಕೆ.ಜಿ. ತೂಗಿತು ಪುಸ್ತಕ.
ಇಪ್ಪತ್ತು ರೂಪಾಯಿ. ಚೌಕಾಸಿ ಮಾಡಲಿಲ್ಲ;
ಮೂವತ್ತು ವರ್ಷ ಹಾಸನದ ಮದುವೆಗಳಿಗೆ
ನೆರಳು ಬಾಡಿಗೆಗೆ ಕೊಟ್ಟವನು ನಾನು,
ಗಟ್ಟಿ ಗೂಟ ಸಿಕ್ಕಾಗ ಬೆಲೆ ಎಳೆದಾಡುವುದಿಲ್ಲ.

ಮೊದಲ ಹಾಳೆಯ ಮೇಲೆ ನೀಲಿ ಬಾಲ್‌ಪೆನ್ನು:
ಬಿ. ಎಂ. ಶಕುಂತಲ, ಬಿಸಿಎ, ಎರಡನೇ ವರ್ಷ.
ಒಳಗೆ, ವೆಬ್‌ಸೈಟ್ ಕಟ್ಟುವ ಸಾಫ್ಟ್‌ವೇರಿನ
ಗುಂಡಿಗುಂಡಿಗೂ ಒಂದೊಂದು ಪ್ಯಾರಾ.
ನಮ್ಮ ಕಸುಬಿನಲ್ಲಿ ಗುಂಡಿ ಅಂದರೆ
ಗಳ ನಿಲ್ಲಿಸಲು ಹಾರೆಯಿಂದ ತೋಡುವುದು.
ಇಲ್ಲಿ, ಒತ್ತುವುದು.

ಬೇಕಾಗಿತ್ತು. ದುದ್ದದಿಂದ ಒಬ್ಬರು ಫೋನಿನಲ್ಲಿ
‘ವೆಬ್‌ಸೈಟ್ ಹೇಳಿ, ಡಿಸೈನ್ ನೋಡ್ತೀವಿ’ ಅಂದಿದ್ದರು.
‘ಗೋಡೌನಿಗೆ ಬನ್ನಿ, ಮುಟ್ಟಿಯೇ ನೋಡಿ’ ಅಂದೆ.
ಬರಲಿಲ್ಲ.

ಎದುರಂಗಡಿಯ ನಿಶ್ಚಿತ್ ಬಂದು
ಟಕಟಕ ಮೂರು ಸಲ ಒತ್ತಿ ‘ಇಷ್ಟೇ ಅಂಕಲ್’ ಅಂದ.
ಅವನ ಬೆರಳು ಎದ್ದು ಹೋದಾಗ
ವಿದ್ಯೆಯೂ ಬೆರಳಿನ ಜೊತೆ ಎದ್ದು ಹೋಯಿತು.
ಎರಡನೇ ಸಲ ಕೇಳಿದೆ. ಮೂರನೇ ಸಲಕ್ಕೆ
ಅವನ ಮೂಗಿನಿಂದ ಸಣ್ಣ ಉಸಿರೊಂದು ಹೊರಟಿತು,
ಮತ್ತೆ ಕೇಳಲಿಲ್ಲ ನಾನು.

ಪುಸ್ತಕಕ್ಕೆ ಮೂಗಿಲ್ಲ.
ಒಂದೇ ಮಾತನ್ನು ಒಂಬತ್ತು ಸಲ ಕೇಳಿದರೂ
ಅದೇ ಪುಟ, ಅದೇ ಸಾಲು, ಅದೇ ದನಿ.

ಆದರೆ ಮೊದಲು ತಪ್ಪಿದೆ. ಪಾರಾಯಣಕ್ಕೆ ಕೂತವನ ಹಾಗೆ
ಒಂದನೇ ಪುಟದಿಂದ ಹಿಡಿದೆ,
ಹನ್ನೊಂದಕ್ಕೆ ಬರುವಷ್ಟರಲ್ಲಿ ಕುರ್ಚಿಯಲ್ಲೇ ನಿದ್ದೆ.
ಇದು ಓದುವ ಪುಸ್ತಕವಲ್ಲ, ಕೇಳುವ ಪುಸ್ತಕ
ಅಂತ ತಿಳಿಯಲು ಇಡೀ ಆಷಾಢ ಹಿಡಿಯಿತು.
ಮದುವೆಯಿಲ್ಲದ ತಿಂಗಳು, ಪುರಸೊತ್ತಿತ್ತು.

ಹಿಂದಿನಿಂದ ತೆರೆಯಬೇಕು, ಕೊನೆಯಲ್ಲಿದೆ ಪದಗಳ ಪಟ್ಟಿ.
ಅಲ್ಲೂ ಒಂದು ಪೇಚು:
ಹೆಸರೇ ಗೊತ್ತಿಲ್ಲದ್ದನ್ನು ಯಾವ ಅಕ್ಷರದಲ್ಲಿ ಹುಡುಕಲಿ?
ಹೊಸ ಕೂಲಿ ಹುಡುಗರು ಝಾಲರಿಗೆ
‘ಆ ಜೋತಾಡೋದು’ ಅನ್ನುತ್ತಾರಲ್ಲ, ಹಾಗೆ ನಾನು:
‘ಆ ಅಂಟಿಕೊಳ್ಳೋದು’, ‘ಆ ಜರುಗೋದು’.
ಮೂರು ಸಂಜೆ ತಡಕಿದ ಮೇಲೆ ಸಿಕ್ಕ ಹೆಸರು ಮಾರ್ಜಿನ್.
ಅಯ್ಯೋ, ಗೊತ್ತಿತ್ತಲ್ಲ!
ನಾಲ್ಕನೇ ಕ್ಲಾಸಿನ ನೋಟ್‌ಬುಕ್ಕಿನ ಕೆಂಪು ಗೆರೆ;
ಚಪ್ಪರಕ್ಕೂ ಅಡಿಗೆಯ ಒಲೆಗೂ ನಡುವೆ ಬಿಡುವ ಎಂಟಡಿ.
ಪಕ್ಕದಲ್ಲಿ ಶಕುಂತಲೆಯ ಪೆನ್ಸಿಲು:
‘ಉಸಿರಾಡೋಕೆ ಜಾಗ.’

ಇನ್ನೂರ ಹದಿನಾಲ್ಕು: ಫೋಟೋಗಳನ್ನು ಸಾಲಾಗಿ ಕೂರಿಸುವುದು.
ಗುಂಡಿ ಎಡಗಡೆ ಇದೆ ಅನ್ನುತ್ತದೆ ಪುಸ್ತಕ.
ನನ್ನ ಕಂಪ್ಯೂಟರಿನ ಎಡಗಡೆ ಬೋಳು.
ಸಾಫ್ಟ್‌ವೇರಿಗೆ ಅಷ್ಟರಲ್ಲಿ ಹೊಸ ಬುದ್ಧಿ ಬಂದಿತ್ತು.
ಸುಳ್ಳು ಹೇಳಿತು ಅನ್ನಲಾರೆ;
ಬಸ್‌ಸ್ಟ್ಯಾಂಡ್ ಎಲ್ಲಿ ಅಂದರೆ ಈಗಲೂ
ಹಳೆಯದರ ಕಡೆಗೇ ಕೈ ತೋರಿಸುವ ಮುದುಕರಿದ್ದಾರೆ ಊರಲ್ಲಿ,
ಅವರಷ್ಟೇ ಪ್ರಾಮಾಣಿಕ ಇದು.

ಅಂಚಿನಲ್ಲಿ ಅವಳದು, ಮಾಸಿದ್ದು:
‘ಇಲ್ಲಿ ಅಳು ಬಂತು.’
ಅದರ ಕೆಳಗೆ, ಹಾಳೆ ತೂತಾಗುವಂತೆ ಒತ್ತಿ:
‘ಬಂತು! ರಾತ್ರಿ ಒಂದೂ ನಲವತ್ತು.’
ಗಡಿಯಾರ ನೋಡಿದೆ. ಹನ್ನೆರಡೂಕಾಲು.
ಇನ್ನೂ ಹೊತ್ತಿದೆ ಅಂದುಕೊಂಡೆ.

ಸಿಕ್ಕಿತು. ಮೇಲೆ, ಬಲಕ್ಕೆ, ಮೂರು ಚುಕ್ಕಿಯ ಒಳಗೆ.
ಅವಳ ಸಾಲಿನ ಕೆಳಗೆ ನಾನೂ ಅದನ್ನು ಬರೆದಿಟ್ಟೆ,
ಯಾರಿಗೆ ಅಂತ ಆಗ ಯೋಚಿಸಿರಲಿಲ್ಲ.

ಈಗ ಶಾಂತಿಗ್ರಾಮದ ನಸ್ರೀನ್, ಬ್ಲೌಸ್ ಹೊಲಿಯುವಾಕೆ,
‘ನಾನೂ ಒಂದು ಸೈಟ್ ಮಾಡ್ಬೇಕು’ ಅಂದಳು.
‘ಮೂವತ್ತು ನಲವತ್ತಾ?’ ಅಂದೆ. ನಕ್ಕು, ಪುಸ್ತಕ ಕೇಳಿದಳು.
ಕೊಡಲು ಮನಸ್ಸಾಗಲಿಲ್ಲ, ಝೆರಾಕ್ಸ್ ಮಾಡಿಸಿಕೊಡುತ್ತೇನೆ ಅಂದೆ.

ಸಾಲಗಾಮೆ ರಸ್ತೆಯ ಅಂಗಡಿಯವನು ಹಾಳೆ ತಿರುವಿ
‘ಪೆನ್ಸಿಲ್ ಹತ್ತೋದಿಲ್ಲ ಸಾರ್’ ಅಂದ.

ವಾಪಸು ತಂದಿದ್ದೇನೆ.
ಕಪ್ಪು ಪೆನ್ನು ಹಿಡಿದು, ನಾಲಿಗೆ ಕಚ್ಚಿಕೊಂಡು,
ಅವಳ ಅಕ್ಷರದ ಮೇಲೇ ತಿದ್ದುತ್ತಿದ್ದೇನೆ,
ಮರಳಿನಲ್ಲಿ ತಿದ್ದಿದ ಹಾಗೆ, ನಿಧಾನ:
ಇಲ್ಲಿ
ಅಳು
ಬಂತು.