ಎರಡು ಮಾರು

ಹೊಸದು ಬಂದು ಮೂರು ವಾರವಾಯಿತು.
ಬಣ್ಣದ ಪರದೆ. ಕೆಳಗಿರುವ ಕಾಡ್ ಮೀನು ಎಷ್ಟುದ್ದ ಎಂಬುದನ್ನೂ
ಕೇಳದೆಯೇ ಹೇಳುತ್ತದೆ.

ಹಳೆಯದು ಮಲಗುವ ಹಲಗೆಯಡಿ, ನನ್ನ ಉಣ್ಣೆ ಸ್ವೆಟರಿನೊಳಗೆ.
ಸದ್ದನ್ನು ನೀರಿಗೆ ಬಿಟ್ಟು, ಮರಳಿ ಬಂದದ್ದನ್ನು
ಸೂಜಿಯಿಂದ ಕಾಗದ ಸುಟ್ಟು ಬರೆಯುತ್ತಿತ್ತು:
ದಿಣ್ಣೆ, ಕಮರಿ, ಮೀನಿನ ಹಿಂಡಿನ ಮಸಿ.
ಚಳಿಗಾಲವಿಡೀ ಕ್ಯಾಬಿನ್ನಿನಲ್ಲಿ ಸುಟ್ಟ ಕೂದಲಿನ ವಾಸನೆ.

"ಮಾರು" ಎನ್ನುತ್ತಾಳೆ ತಂಗಿ ಯೊರುನ್.
"ಮೂವತ್ತಡಿ ದೋಣಿ. ಕೆಟಲ್ ಇಡಲೂ ಜಾಗವಿಲ್ಲ."
ಬೂಡೊದಿಂದ ಒಬ್ಬ, ಓಡ್ಮುಂಡ್, ಇಂಥವನ್ನು ಕೂಡಿಡುವವನಂತೆ,
ನಾಲ್ಕು ಸಾವಿರ ಕ್ರೋನ ಎಂದಿದ್ದಾನೆ.
ಒಂದು ಚಳಿಗಾಲದ ಕೊಕ್ಕೆ, ದಾರದ ದುಡ್ಡು.

ಅದಕ್ಕೊಂದು ಸುಳ್ಳಿತ್ತು.
ಎಲ್ಲಿ ನಿಂತರೂ ಎರಡು ಮಾರು ಹೆಚ್ಚು ಹೇಳುವುದು.
ನಲವತ್ತು ಎಂದರೆ ಮೂವತ್ತೆಂಟು ಮಾರು ದಾರ ಬಿಡುತ್ತಿದ್ದೆ,
ಇಪ್ಪತ್ತೊಂದು ಚಳಿಗಾಲ, ಯೋಚಿಸದೆ,
ಬಡಾಯಿ ಮಾವನ ಮಾತನ್ನು ಸೋಡಿ ಕಳೆದು ಕೇಳುವಂತೆ.

ಹೊಸದು ನಿಜ ಹೇಳುತ್ತದೆ.
ಹೋದ ಮಂಗಳವಾರ ನಲವತ್ತು ಎಂದಿತು;
ಕೈ ತಾನೇ ಎರಡು ಕಳೆಯಿತು.
ಕೊಕ್ಕೆಗಳೆಲ್ಲ ಮೀನುಗಳ ತಲೆಯ ಮೇಲೆ
ಸುಮ್ಮನೆ ತೂಗಿ ಖಾಲಿ ವಾಪಸಾದವು.
ಯೊರುನ್ ನಕ್ಕಳು. ನಾನೂ, ಸ್ವಲ್ಪ ತಡವಾಗಿ.

ಇದ್ದದ್ದನ್ನು ಇದ್ದಂತೆ ಬರೆದೆ ಓಡ್ಮುಂಡನಿಗೆ:
ನಡೆಯುತ್ತದೆ, ಎರಡು ಮಾರು ಹೆಚ್ಚು.
ಉತ್ತರ ಬಂತು: "ಪರವಾಗಿಲ್ಲ, ಬಿಚ್ಚಿ ಸರಿಮಾಡಿಕೊಳ್ಳುತ್ತೇನೆ."

ಆ "ಸರಿ"ಗೆ ಇನ್ನೂ ಏನೂ ಬರೆದಿಲ್ಲ ನಾನು.
ಬೆಳಗ್ಗೆ ಬಗ್ಗಿ ಸ್ವೆಟರ್ ಮಾತ್ರ ಈಚೆಗೆಳೆದುಕೊಂಡೆ.
ಲೊಫೊಟೆನ್‌ನಲ್ಲಿ ಫೆಬ್ರವರಿ; ಹಾಕಿಕೊಳ್ಳಬೇಕಲ್ಲ.